ದೇಚಮ್ಮ ಆಂಟಿಯ ಗಾಡಿ ಗೇಟು ದಾಟಿದ ದಿನ

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಭೂತ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಕಾಫಿ ಮಾಡಲು ಹೋಗುವ ಪೈಕಿ. ನಮ್ಮ ನೆಂಟರಲ್ಲಿ ಒಬ್ಬರು ತೀರಿಹೋದ ಅತ್ತೆಯನ್ನು ಹಿತ್ತಿಲಲ್ಲಿ ಕಂಡೆ ಎಂದಾಗ, 'ಆವತ್ತು ಕನ್ನಡಕ ಹಾಕಿಕೊಂಡಿದ್ರಾ?' ಎಂದು ಕೇಳಿ ಅವರಿಂದ ಮಾತು ಬಿಡಿಸಿಕೊಂಡವಳು ನಾನು. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದೆ, ಇಡೀ ತರಗತಿಗೆ ನಾನೊಬ್ಬಳೇ ಹುಡುಗಿ. ಆಮೇಲೆ ನೋಯ್ಡಾದ ಒಂದು ಕಾರ್ಖಾನೆಯಲ್ಲಿ ವಾಹನಗಳ ಬಿಡಿಭಾಗಗಳ ಗುಣಮಟ್ಟ ನೋಡುವ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಆ ಭಾಗವನ್ನು ವಾಪಸ್ಸು ಕಳಿಸುವುದಕ್ಕೇ ನನಗೆ ಸಂಬಳ ಕೊಡುತ್ತಿದ್ದರು. ಅಂಥವಳು ಇದನ್ನು ಬರೆಯುತ್ತಿದ್ದಾಳೆ ಎಂಬುದನ್ನು ಓದುವಾಗ ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತು. ಇಂಥ ಅನುಭವ ಹೇಳುವವರ ಬಳಿ ಅಮಾವಾಸ್ಯೆ ಇರುತ್ತದೆ, ನಡುರಾತ್ರಿ ಇರುತ್ತದೆ, ನಾಯಿ ಊಳಿಡುತ್ತಿರುತ್ತದೆ. ನನ್ನ ಬಳಿ ಅವು ಯಾವುವೂ ಇಲ್ಲ. ಇದು ನಡೆದದ್ದು ಹಾಡಹಗಲಿನಲ್ಲಿ, ದೆಹಲಿಯ ಚಳಿಗಾಲದ ಒಂದು ಭಾನುವಾರ, ವಸಂತ್ ಕುಂಜ್‌ನ ಒಂದು ಕಾಲೊನಿಯಲ್ಲಿ. ಅರ್ಧ ಕಾಲೊನಿ ಬಿಸಿಲಿಗೆ ಬೆನ್ನು ಕೊಟ್ಟು ಕಡಲೆಕಾಯಿ ಸುಲಿಯುತ್ತಾ ನೋಡುತ್ತಿತ್ತು. ಎರಡು ಸಾವಿರದ ಆರೋ ಏಳೋ ಇರಬೇಕು. ಮೆಟ್ರೋ ಕಂಬಗಳಿಗಾಗಿ ಊರೆಲ್ಲ ಅಗೆದು ಹಾಕಿದ್ದ ಕಾಲ.

ದೇಚಮ್ಮ ಆಂಟಿಯನ್ನು ನಾನು ಮೊದಲು ನೋಡಿದ್ದು ಕನ್ನಡದವರ ಒಂದು ರಾಜ್ಯೋತ್ಸವದ ಊಟದಲ್ಲಿ. ಎಪ್ಪತ್ತು ದಾಟಿದ ಕೊಡವ ಹೆಂಗಸು. ನೆರಿಗೆ ಬೆನ್ನಿಗೆ ಬರುವಂತೆ ಉಟ್ಟ ಸೀರೆ, ಗಂಡಸರಂತೆ ಗಟ್ಟಿ ಕೈಕುಲುಕು. ಗಂಡ ಸೈನ್ಯದಲ್ಲಿ ಕರ್ನಲ್ ಆಗಿದ್ದವರು, ಆಗಲೇ ತೀರಿಹೋಗಿ ಕೆಲವು ವರ್ಷವಾಗಿತ್ತು. ಪಕ್ಕದ ಎಲೆಯಲ್ಲಿ ಕೂತ ನನ್ನನ್ನು ಯಾರೋ ಎಂಜಿನಿಯರ್ ಎಂದು ಪರಿಚಯಿಸಿದರು. ಆಂಟಿ ಕೋಸಂಬರಿ ಬಿಟ್ಟು ನನ್ನ ಕಡೆ ತಿರುಗಿದರು.

"ಕಂಪ್ಯೂಟರ್ ಎಂಜಿನಿಯರಾ, ನಿಜವಾದ ಎಂಜಿನಿಯರಾ?"

"ನಿಜವಾದದ್ದೇ ಆಂಟಿ. ಮೆಕ್ಯಾನಿಕಲ್," ಎಂದೆ.

"ಹಾಗಾದ್ರೆ ಊಟ ಮುಗಿಸಿ ನನ್ನ ಜೊತೆ ಬಾ. ಒಂದು ಗಾಡಿ ತೋರಿಸ್ಬೇಕು."

ಪಾಯಸವನ್ನೂ ಪೂರ್ತಿ ತಿನ್ನಲು ಬಿಡಲಿಲ್ಲ ಪುಣ್ಯಾತ್ಗಿತ್ತಿ.

ಅವರ ಫ್ಲ್ಯಾಟಿನ ಕೆಳಗೆ, ಎರಡು ಹೊಸ ಕಾರುಗಳ ನಡುವೆ, ತಾರ್ಪಾಲಿನ ಅಡಿಯಲ್ಲಿ ಆ ಗಾಡಿ ಇತ್ತು. ಅವರು ತಾರ್ಪಾಲು ಎಳೆದಾಗ ಎದ್ದ ಧೂಳಿಗೆ ಕೆಮ್ಮಿ ಕೆಮ್ಮಿ ಸಾಕಾಯಿತು. ಆದರೆ ಕಣ್ಣು ಒರೆಸಿಕೊಂಡು ನೋಡಿದೆನಲ್ಲ, ಅಬ್ಬಾ! ಕಡುಹಸಿರು ಬಣ್ಣದ, ಎರಡೇ ಸೀಟಿನ, ಮಾಡು ಇಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ನೆಲಕ್ಕೆ ಅಂಟಿಕೊಂಡಷ್ಟು ತಗ್ಗು, ಉದ್ದ ಮೂತಿ, ತಂತಿ ಕಡ್ಡಿಗಳ ಚಕ್ರ. ಪುಸ್ತಕದಲ್ಲಿ ಮಾತ್ರ ನೋಡಿದ್ದೆ ಅಂಥದ್ದನ್ನು. ಟೈರುಗಳು ಕೊಳೆತು ಹೋಗಿದ್ದವು, ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ಮೂವತ್ತು ವರ್ಷಕ್ಕೂ ಮೇಲೆ ಎಂಜಿನ್ ತಿರುಗಿರಲಿಲ್ಲ. ಮದುವೆಗೆ ಮುಂಚೆ ಆಂಟಿಯ ತಂದೆ ಕೊಡಿಸಿದ ಗಾಡಿಯಂತೆ. ಹಳೆಯ ಏರ್‌ಸ್ಟ್ರಿಪ್‌ಗಳಲ್ಲಿ ನಡೆಯುತ್ತಿದ್ದ ರೇಸುಗಳಲ್ಲಿ ಇದೇ ಗಾಡಿಯಲ್ಲಿ ಗಂಡಸರನ್ನು ಹಿಂದೆ ಹಾಕಿದ್ದವರು ಅವರು. ಆಮೇಲೆ ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರೆ ಮಾತ್ರ, "ನಿಂತಿತು, ಅಷ್ಟೇ," ಎನ್ನುತ್ತಿದ್ದರು.

ಈಗ ಅವಸರ ಬಂದಿತ್ತು. ಕಾಲೊನಿಯಲ್ಲಿ ಕಾರು ಹೆಚ್ಚಾಗಿ ನಿಲ್ಲಿಸಲು ಜಾಗವಿಲ್ಲದೆ ದಿನಾ ಜಗಳ. ಓಡದ ವಾಹನಗಳನ್ನೆಲ್ಲ ಎತ್ತಿಸಬೇಕೆಂದು ನಿವಾಸಿಗಳ ಸಂಘ ಸಭೆಯಲ್ಲಿ ತೀರ್ಮಾನ ಮಾಡಿತ್ತು. ಸಂಘದ ಸೆಕ್ರೆಟರಿ, ನಿವೃತ್ತ ಸರ್ಕಾರಿ ಅಧಿಕಾರಿ, ಮಫ್ಲರ್ ಸುತ್ತಿಕೊಂಡು ಆಂಟಿಯ ಬಾಗಿಲಿಗೇ ಬಂದು, "ಮ್ಯಾಡಮ್, ಯೇ ಗಾಡಿ ನಹೀ, ಕಬಾಡ್ ಹೈ," ಎಂದಿದ್ದರು. ಗುಜರಿ ಎಂದರು ಅಂತ ಆಂಟಿಗೆ ಎಷ್ಟು ಉರಿಯಿತೆಂದರೆ, ಅಲ್ಲೇ ಪಂಥ ಕಟ್ಟಿದರು. ಜನವರಿ ಮುಗಿಯುವುದರೊಳಗೆ ಈ ಗಾಡಿ ತನ್ನ ಎಂಜಿನ್ನಿನಲ್ಲೇ ಗೇಟು ದಾಟಿ ಹೋಗಿ ವಾಪಸ್ಸು ಬರುತ್ತದೆ, ನಾನೇ ಓಡಿಸುತ್ತೇನೆ. "ಧಕ್ಕಾ ನಹೀ ಲಗೇಗಾ. ಏಕ್ ಭೀ ಧಕ್ಕಾ ಲಗಾ, ತೋ ಚಾಬೀ ಆಪ್ ಕೀ." ಒಂದೇ ಒಂದು ಸಲ ಯಾರಾದರೂ ತಳ್ಳಿದರೂ ಕೀಲಿ ನಿಮ್ಮ ಕೈಗೆ, ಗುಜರಿಯವನಿಗೆ ಹಾಕಿ ಎಂದು. ಜನವರಿಯ ಕೊನೆಯ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಎಂದು ಗಡುವು ಗೊತ್ತಾಯಿತು.

ನಾನು ಆಗ ಇಂದಿರಾಪುರಂನಲ್ಲಿದ್ದೆ. ಅಲ್ಲಿಂದ ವಸಂತ್ ಕುಂಜ್ ಎಂದರೆ ಯಮುನೆ ದಾಟಿ ಊರಿನ ಈ ತುದಿಯಿಂದ ಆ ತುದಿ. ಆದರೂ ಆ ಚಳಿಗಾಲದ ಶನಿವಾರ ಭಾನುವಾರಗಳೆಲ್ಲ ನಾನು ಅಲ್ಲೇ. ನಮ್ಮ ಯಜಮಾನರು, "ಮನೆ ಮಿಕ್ಸಿ ಕೆಟ್ಟು ತಿಂಗಳಾಯ್ತು, ಅದಕ್ಕೂ ಒಂದು ತಾರ್ಪಾಲು ಹೊದಿಸ್ಲಾ? ಆಗ್ಲಾದ್ರೂ ರಿಪೇರಿ ಮಾಡ್ತೀಯ," ಎನ್ನುತ್ತಿದ್ದರು.

ಮಾಡಿದ ಕೆಲಸ ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆಯಿಲ್ಲ. ಪ್ಲಗ್ಗು ಬಿಚ್ಚಿ ಸಿಲಿಂಡರುಗಳಿಗೆ ಎಣ್ಣೆ ಸುರಿದು ವಾರಗಟ್ಟಲೆ ನೆನೆಯಲು ಬಿಟ್ಟೆ. ಕಚ್ಚಿಕೊಂಡಿದ್ದ ಎಂಜಿನ್ನನ್ನು ಕೈಯಿಂದ ಅಂಗುಲ ಅಂಗುಲವಾಗಿ ಬಿಡಿಸಿದೆ. ಪೆಟ್ರೋಲ್ ಟ್ಯಾಂಕಿನೊಳಗಿನ ತುಕ್ಕು ತೆಗೆಯಲು ಜಲ್ಲಿಕಲ್ಲು ಹಾಕಿ, ಅದನ್ನು ತೊಟ್ಟಿಲಂತೆ ತೂಗಿ ತೂಗಿ ತೊಳೆದೆ. ಬ್ರೇಕಿನ ರಬ್ಬರುಗಳನ್ನು ಬೇರೆ ಗಾಡಿಗಳದ್ದು ತಂದು ಉಜ್ಜಿ ಸರಿಮಾಡಿದೆ, ಹೊಸ ಟೈರು ಹಾಕಿಸಿದೆ. ಸಲ್ವಾರಿನ ಮೇಲೆ ಗಂಡನ ಹಳೇ ಶರ್ಟು ಹಾಕಿಕೊಂಡು ಗಾಡಿಯಡಿ ಮಲಗಿದ್ದರೆ, ಮೇಲಿನ ಬಾಲ್ಕನಿಗಳಿಂದ ಹೆಂಗಸರು, "ಮೆಕ್ಯಾನಿಕ್ ಭಯ್ಯಾ ನಹೀ ಆಯಾ ಕ್ಯಾ?" ಮೆಕ್ಯಾನಿಕ್ ಅಣ್ಣ ಬಂದಿಲ್ಲವೇ ಎಂದು ಕೇಳುವರು. "ಮೈ ಹೀ ಭಯ್ಯಾ ಹೂಂ," ಆ ಅಣ್ಣ ನಾನೇ ಎಂದು ಕೂಗುತ್ತಿದ್ದೆ ಕೆಳಗಿನಿಂದ.

ಈಗ ಒಂದು ಸಣ್ಣ ಭಾಗದ ಬಗ್ಗೆ ಹೇಳಬೇಕು. ಕಥೆ ನಿಂತಿರುವುದೇ ಅದರ ಮೇಲೆ. ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಡಿಸ್ಟ್ರಿಬ್ಯೂಟರ್ ಎಂಬ ಮುಚ್ಚಳವಿರುವ ಒಂದು ಡಬ್ಬಿ ಇರುತ್ತದೆ. ಅದರೊಳಗೆ ರೋಟರ್ ಎಂಬ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ, ನೆತ್ತಿಗೆ ಹಿತ್ತಾಳೆ ಪಟ್ಟಿಯಿರುವ ತುಂಡೊಂದು ತಿರುಗುತ್ತಾ ಪ್ರತಿ ಸಿಲಿಂಡರಿಗೂ ಸರದಿಯಂತೆ ಕಿಡಿ ಹಂಚುತ್ತದೆ. ಅದನ್ನು ತೆಗೆದಿಟ್ಟರೆ ಟ್ಯಾಂಕ್ ತುಂಬ ಪೆಟ್ರೋಲಿರಲಿ, ಹೊಸ ಬ್ಯಾಟರಿಯಿರಲಿ, ಎಂಜಿನ್ ಹೆಣ. ಅಡುಗೆ ಆಗಿದೆ, ಎಲೆ ಹಾಕಿದೆ, ಬಡಿಸುವವನೇ ಇಲ್ಲ ಅಂದ ಹಾಗೆ. ಈ ಗಾಡಿಯ ಹಳೇ ರೋಟರ್ ಕೈ ಮುಟ್ಟಿದ ಕೂಡಲೇ ಬಿಸ್ಕತ್ತಿನಂತೆ ಪುಡಿಯಾಯಿತು. ಕಶ್ಮೀರಿ ಗೇಟಿನ ಬಿಡಿಭಾಗಗಳ ಅಂಗಡಿಗಳನ್ನು ಒಂದೊಂದಾಗಿ ಜಾಲಾಡಿದ ಮೇಲೆ ಒಬ್ಬ ಮುದುಕರ ಅಂಗಡಿಯ ಅಟ್ಟದಲ್ಲಿ ಅಂಥದೇ ಒಂದು ಸಿಕ್ಕಿತು. ಒಂದೇ ಒಂದು. ಇನ್ನೊಂದು ಬೇಕೆಂದರೆ ಇಂಗ್ಲೆಂಡಿಗೆ ಹೋಗಿ ತಾಯೀ ಎಂದು ಅವರು ನಕ್ಕಿದ್ದರು.

ರೋಟರಿನ ವಿಷಯದಲ್ಲಿ ಆಂಟಿ ಒಂದು ನಿಯಮ ಮಾಡಿದ್ದರು. ಸೈನ್ಯದವರ ರೂಢಿಯಂತೆ ಅದು. ಗಾಡಿ ಬಿಟ್ಟು ಹೋಗುವಾಗ ಯಾರೂ ಕದ್ದು ಓಡಿಸದಂತೆ ರೋಟರ್ ಕಿತ್ತು ಜೇಬಿಗೆ ಹಾಕಿಕೊಂಡು ಹೋಗಬೇಕು. "ಸಂಘದವರು ಏನಾದ್ರೂ ಕಿತಾಪತಿ ಮಾಡಿದ್ರೆ? ನೀನು ತಗೊಂಡು ಹೋಗು. ನನ್ನ ಹತ್ರ ಇದ್ರೆ ಎಲ್ಲಿಟ್ಟೆ ಅಂತ ಮರೀತೇನೆ," ಎಂದರು. ಹಾಗಾಗಿ ಪ್ರತಿ ಸಲ ಹೊರಡುವಾಗ ರೋಟರನ್ನು ಕರವಸ್ತ್ರದಲ್ಲಿ ಸುತ್ತಿ, ಖಾಲಿಯಾದ ನನ್ನ ಊಟದ ಡಬ್ಬಿಯಲ್ಲಿ ಹಾಕಿಕೊಂಡು ಇಂದಿರಾಪುರಂಗೆ ಒಯ್ಯುತ್ತಿದ್ದೆ, ಮತ್ತೆ ಬರುವಾಗ ತರುತ್ತಿದ್ದೆ.

ಗಡುವಿನ ಹಿಂದಿನ ದಿನ, ಶನಿವಾರ ಸಂಜೆ, ಎಂಜಿನ್ ಮೊದಲ ಸಲ ಉಸಿರಾಡಿತು. ನಾಲ್ಕಾರು ಸಲ ಗೊರಗೊರ ಎಂದು, ಒಂದು ಸಲ ಢಂ ಎಂದು ಹೊಗೆ ಉಗುಳಿ, ಆಮೇಲೆ ಹಿಡಿದುಕೊಂಡಿತು ನೋಡಿ! ನಾನು ಕುಣಿದೆ, ಸುಳ್ಳು ಹೇಳುವುದಿಲ್ಲ, ಸ್ಪ್ಯಾನರ್ ಹಿಡಿದುಕೊಂಡೇ ಕುಣಿದೆ. ಎಂಜಿನ್ ಆರಿಸಿದ ಮೇಲೆ ಆಂಟಿ ಮನೆಯೊಳಗೆ ಹೋಗಿ ಒಂದು ತಟ್ಟೆಯಲ್ಲಿ ಕಡಂಬುಟ್ಟು ಎಂಬ ಅಕ್ಕಿತರಿಯ ಉಂಡೆ, ಹಂದಿ ಸಾರು, ಪಕ್ಕದಲ್ಲಿ ಒಂದು ಗ್ಲಾಸು ರಮ್ಮು ತಂದು ಗಾಡಿಯ ಮುಂದೆ ಸ್ಟೂಲಿನ ಮೇಲೆ ಇಟ್ಟು ಕೈಮುಗಿದರು. ಒಳ್ಳೆಯ ಕೆಲಸಕ್ಕೆ ಮುಂಚೆ ತೀರಿಹೋದ ಹಿರಿಯರಿಗೆ ಹೀಗೆ ಎಡೆ ಇಡುವುದು ಕೊಡವರ ಪದ್ಧತಿ. ನಾನೋ ಮೊಟ್ಟೆಯನ್ನೂ ಮುಟ್ಟದ ಮನೆಯವಳು. ದೂರ ನಿಂತು, ಕರ್ನಲ್ ಸಾಹೇಬರಿಗೆ ಸೋಡಾ ಬೇಡವೇ ಎಂದು ಮನಸ್ಸಿನಲ್ಲೇ ನಕ್ಕೆ. ಆಮೇಲೆ ರೂಢಿಯಂತೆ ರೋಟರ್ ತೆಗೆದು, ಡಬ್ಬಿಗೆ ಹಾಕಿಕೊಂಡು ಮನೆಗೆ ಹೊರಟೆ.

ಭಾನುವಾರ ಬೆಳಿಗ್ಗೆ ಮಂಜು ಕರಗುವುದೇ ತಡವಾಯಿತು. ಟ್ಯಾಕ್ಸಿ ಹತ್ತಿದೆ, ಯಮುನೆಯ ಸೇತುವೆಯ ಮೇಲೆ ಟ್ರಕ್ಕೊಂದು ಕೆಟ್ಟು ನಿಂತು ವಾಹನಗಳ ಸಾಲೋ ಸಾಲು. ಡ್ರೈವರ್ ಎಂಜಿನ್ ಆರಿಸಿ ಇಳಿದು ಬೀಡಿ ಹಚ್ಚಿದ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಆಂಟಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ನಾನಿಲ್ಲದೆ ಹನ್ನೆರಡು ಹೊಡೆದರೆ ಗತಿಯೇನು ಎಂದು ಅದೊಂದೇ ಚಿಂತೆ. ಊಟದ ಡಬ್ಬಿಯನ್ನು ಅಡುಗೆಮನೆ ಕಟ್ಟೆಯ ಮೇಲೆ ಬಿಟ್ಟು ಬಂದಿದ್ದೇನೆಂಬುದು ಆ ಗಡಿಬಿಡಿಯಲ್ಲಿ ನನ್ನ ತಲೆಗೆ ಬರಲೇ ಇಲ್ಲ. ಭಾನುವಾರ ಆಂಟಿಯ ಮನೆಯಲ್ಲೇ ಊಟ ಎಂದು ಗೊತ್ತಾಗಿತ್ತಲ್ಲ, ಡಬ್ಬಿ ತೆಗೆದುಕೊಳ್ಳುವ ನೆನಪೇ ಬಂದಿರಲಿಲ್ಲ.

ಕಾಲೊನಿಯ ಗೇಟಿನ ಬಳಿ ಟ್ಯಾಕ್ಸಿಯಿಂದ ಇಳಿದಾಗ ಹನ್ನೆರಡಕ್ಕೆ ಇನ್ನೇನು ಸ್ವಲ್ಪವೇ ಉಳಿದಿತ್ತು. ಗುಜರಿಯವನ ಟೆಂಪೋ ಗೇಟಿನ ಒಳಗೇ ನಿಂತಿತ್ತು. ಓಡೋಡಿ ಒಳಗೆ ಬಂದವಳಿಗೆ ಮೊದಲು ಕೇಳಿದ್ದು ಸದ್ದು. ನಾನು ಕಟ್ಟಿದ ಎಂಜಿನ್ನಿನ ಸದ್ದು ನನಗೆ ಗೊತ್ತಾಗದೇ ಇರುತ್ತದೆಯೇ? ತಿರುವಿನಲ್ಲಿ ಆ ಹಸಿರು ಮೂತಿ ಕಾಣಿಸಿತು. ತಲೆಗೆ ವಸ್ತ್ರ ಕಟ್ಟಿ, ಕಪ್ಪು ಕನ್ನಡಕ ಹಾಕಿ, ಬೆನ್ನು ಸೆಟೆಸಿ ಕೂತ ದೇಚಮ್ಮ ಆಂಟಿ. ಅಕ್ಕಪಕ್ಕ ಜನ ಸರಿದು ದಾರಿ ಬಿಡುತ್ತಿದ್ದಾರೆ. ಸೆಕ್ರೆಟರಿ ಸಾಹೇಬರು ಮಫ್ಲರ್ ಕೈಯಲ್ಲಿ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದ್ದಾರೆ.

ಗಾಡಿ ನನ್ನ ಪಕ್ಕ ನಿಧಾನವಾಯಿತು. "ಹತ್ತು ಬೇಗ. ನಿಲ್ಲಿಸೋದಿಲ್ಲ ನಾನು," ಎಂದರು ಆಂಟಿ. ಬಾಗಿಲು ತೆಗೆದು ಒಳಗೆ ಬಿದ್ದೆ ಎನ್ನಬೇಕು, ಕೂತೆ ಎನ್ನುವುದಕ್ಕಿಂತ.

ಗೇಟು ದಾಟಿದೆವು. ಹಿಂದಿನಿಂದ ಚಪ್ಪಾಳೆ, ಸೀಟಿ. ದೊಡ್ಡ ರಸ್ತೆಗೆ ಬಂದ ಮೇಲೆ ಆಂಟಿ ಗೇರ್ ಬದಲಿಸಿದರು. ಒಂದು ಕುಲುಕಾಟವಿಲ್ಲ. ಒಂದು ಕಡೆ ಕುರುಚಲು ಕಾಡು, ತಲೆ ಮೇಲೆ ಇಳಿಯುತ್ತಿದ್ದ ವಿಮಾನ, ಮುಖಕ್ಕೆ ಹೊಡೆಯುತ್ತಿದ್ದ ತಣ್ಣನೆ ಗಾಳಿ. ಪಕ್ಕದಲ್ಲಿ ಬಂದ ಆಟೋದವನು, "ಮಾತಾಜೀ, ಕ್ಯಾ ಗಾಡೀ ಹೈ!" ಎಂದು ಕೂಗಿದ. ಆಂಟಿ ಅವನ ಕಡೆ ತಿರುಗಲೂ ಇಲ್ಲ. "ಆಗೇ ದೇಖೋ ಭಯ್ಯಾ," ಮುಂದೆ ನೋಡಪ್ಪ ಎಂದರು ಅಷ್ಟೇ. ನನ್ನ ಎದೆ ಹೆಮ್ಮೆಯಿಂದ ಬಿರಿಯುವಂತಿತ್ತು. ಮಕ್ಕಳನ್ನು ಹೆತ್ತಾಗಲೂ ಹೀಗೆ ಹೆಮ್ಮೆಪಡಲಿಲ್ಲ ಎಂದರೆ ನನ್ನ ಮಗಳು ಕೋಪಿಸಿಕೊಂಡಾಳು, ಆದರೂ ಇದ್ದದ್ದು ಇದ್ದ ಹಾಗೆ.

"ಆಂಟಿ, ಸ್ಟಾರ್ಟ್ ಆಗೋಕೆ ತೊಂದ್ರೆ ಕೊಡ್ಲಿಲ್ಲ ತಾನೇ?" ಎಂದು ಕೇಳಿದೆ.

"ಎಂತದು ತೊಂದ್ರೆ? ಕೀ ತಿರುಗಿಸಿದೆ, ಹಿಡೀತು. ನೀನು ಕಾಣಲಿಲ್ಲ, ಹೊತ್ತಾಯ್ತು ಅಂತ ಆ ಮಫ್ಲರ್‌ನವನು ಗಡಿಯಾರ ತೋರಿಸ್ತಿದ್ದ. ಕೂತೆ, ಹೊರಟೆ."

ನಕ್ಕೆ. ನಗುತ್ತಾ ಕಣ್ಣು ಒರೆಸಿಕೊಳ್ಳಲು ಕರವಸ್ತ್ರಕ್ಕೆಂದು ಚೀಲಕ್ಕೆ ಕೈ ಹಾಕಿದೆ. ಕರವಸ್ತ್ರ ಇರಲಿಲ್ಲ. ಅದು ಡಬ್ಬಿಯಲ್ಲಿತ್ತು. ಡಬ್ಬಿ ಇಂದಿರಾಪುರಂನಲ್ಲಿತ್ತು.

ಆಂಟಿ ಎಲ್ಲಿಂದಲೋ ಬೇರೆ ರೋಟರ್ ತರಿಸಿರಬೇಕು ಎಂದುಕೊಂಡೆ. ಏನೂ ಆಗದವಳಂತೆ, "ರೋಟರ್ ಯಾವುದು ಹಾಕಿದ್ರಿ ಆಂಟಿ?" ಎಂದೆ.

ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ನಾನ್ಯಾಕೆ ಹಾಕಲಿ? ಬಾನೆಟ್ ಮುಟ್ಟೋದು ನಿನ್ನ ಕೆಲ್ಸ. ನಿನ್ನೆ ನೀನೇ ಹಾಕಿಟ್ಟು ಹೋಗಿದ್ದೀ ಅಂದ್ಕೊಂಡೆ," ಎಂದರು.

ನಾನು ಮತ್ತೆ ಬಾಯಿ ಬಿಡಲಿಲ್ಲ. ಹೇಳಿದರೆ ಗಾಬರಿಗೆ ಪೆಡಲಿನ ಮೇಲೆ ಅವರ ಕಾಲು ತಪ್ಪುತ್ತದೆ. ಗಾಡಿ ನಿಂತರೆ ಮತ್ತೆ ಹೊರಡುವುದಿಲ್ಲ. ಹೊರಡದಿದ್ದರೆ ಯಾರಾದರೂ ತಳ್ಳಬೇಕು, ತಳ್ಳಿದರೆ ಕೀಲಿ ಸೆಕ್ರೆಟರಿಯ ಕೈಗೆ. ಅಷ್ಟೇ ಲೆಕ್ಕ ನನ್ನ ತಲೆಯಲ್ಲಿ. ವಿಶ್ವವಿದ್ಯಾಲಯದ ಕಡೆಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಎಂಜಿನ್ ನಿಂತಲ್ಲೇ ಗುನುಗುಟ್ಟುತ್ತಿತ್ತು. ನಾನು ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಕೈ ಒತ್ತಿ ಹಿಡಿದಿದ್ದೆ. ಅದು ಒಂದು ಸಲ ಸಣ್ಣಗೆ ಸೀನಿದಂತೆ ಮಾಡಿತು. ಮನೆದೇವರ ಹೆಸರು ಹೇಳಿದೆನೋ ಏನೋ, ಹೇಳಿದ್ದರೂ ಆಶ್ಚರ್ಯವಿಲ್ಲ. ಹಸಿರು ದೀಪ ಬಿತ್ತು. ತಿರುಗಿಸಿಕೊಂಡು ವಾಪಸ್ಸು ಹೊರಟೆವು. ಆಂಟಿ ಹಾಡಿನಂಥದ್ದೇನನ್ನೋ ಕೊಡವ ಭಾಷೆಯಲ್ಲಿ ಗುನುಗುತ್ತಿದ್ದರು. ನಾನು ಮಾತ್ರ ಸತ್ತು ಬದುಕುತ್ತಾ ಕೂತಿದ್ದೆ.

ಗೇಟು ಬಂತು, ಒಳಗೆ ಬಂದೆವು, ಗಾಡಿ ತನ್ನ ಜಾಗದಲ್ಲಿ ನಿಂತಿತು. ಯಾರೂ ಬೆರಳೂ ತಾಗಿಸಿರಲಿಲ್ಲ. ಆಂಟಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದರು. ಸೆಕ್ರೆಟರಿ ಸಾಹೇಬರು ಮುಂದೆ ಬಂದು, ನಿಜವಾಗಿಯೂ ತಲೆಬಾಗಿ, "ಮಾನ್ ಗಯೇ ಮ್ಯಾಡಮ್," ಎಂದರು. ಸೋತೆ ಎಂದು ಒಪ್ಪಿಕೊಳ್ಳುವುದರಲ್ಲಿ ಆ ಮನುಷ್ಯ ಕೃಪಣತನ ಮಾಡಲಿಲ್ಲ. ಯಾರೋ ಲಡ್ಡು ಹಂಚಿದರು. ಆಂಟಿ ನನ್ನ ಭುಜ ಹಿಡಿದು ಎಲ್ಲರಿಗೂ ತೋರಿಸುತ್ತಾ, "ಇಸ್ ಲಡಕೀ ನೇ ಕಿಯಾ ಹೈ. ಹಮಾರೇ ಕರ್ನಾಟಕ ಕೀ ಲಡಕೀ," ಮಾಡಿದ್ದು ಈ ಹುಡುಗಿ, ನಮ್ಮ ಕರ್ನಾಟಕದವಳು ಎಂದರು.

ಜನ ಚದುರುವವರೆಗೂ ನಾನು ಬಾನೆಟ್ಟಿನ ಮೇಲಿಂದ ಕೈ ತೆಗೆಯಲಿಲ್ಲ. ಯಾರೂ ಹತ್ತಿರ ಬಂದು ಏನೂ ಮುಟ್ಟಬಾರದು ಎಂದು. ಆಮೇಲೆ ಆಂಟಿಯ ಕಣ್ಣೆದುರೇ ಬಾನೆಟ್ ಎತ್ತಿದೆ. ಎಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯಿತು. ಡಿಸ್ಟ್ರಿಬ್ಯೂಟರಿನ ಎರಡು ಕ್ಲಿಪ್ಪು ಬಿಚ್ಚಿ ಮುಚ್ಚಳ ತೆಗೆದೆ. ಒಳಗೆ ಬೋಳು ಕಡ್ಡಿ ನಿಂತಿತ್ತು. ರೋಟರ್ ಇರಲಿಲ್ಲ.

ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ. "ರೀ, ಅಡುಗೆ ಕಟ್ಟೆ ಮೇಲೆ ನನ್ನ ಡಬ್ಬಿ ಇದೆಯಾ ನೋಡ್ರೀ."

ಅವರು ನೋಡಿದರು. "ಇದೆ. ಯಾಕೆ, ಊಟಕ್ಕೆ ಹಾಕ್ಲಿಲ್ವಾ ನಿಮ್ಮ ಆಂಟಿ?"

"ತಮಾಷೆ ಬೇಡ. ತೆಗೆದು ಒಳಗೇನಿದೆ ಹೇಳಿ."

ಮುಚ್ಚಳ ತೆಗೆದ ಸದ್ದು ಫೋನಿನಲ್ಲೇ ಕೇಳಿಸಿತು. "ನಿನ್ನ ಕರ್ಚೀಫು. ಒಳಗೆ ಒಂದು ಕಂದು ಬಣ್ಣದ ಪ್ಲಾಸ್ಟಿಕ್ ತುಂಡು, ತಲೆ ಮೇಲೆ ಹಿತ್ತಾಳೆ. ಇದೇನೇ, ಇದನ್ನ ಬಿಟ್ಟು ಹೋಗಿದ್ದೀಯಲ್ಲ, ಗಾಡಿ ಹೊರಡ್ಲಿಲ್ವಾ?"

"ಹೊರಡ್ತು," ಎಂದು ಹೇಳಿ ಫೋನ್ ಇಟ್ಟೆ.

ಡ್ರೈವರ್ ಸೀಟಿನಲ್ಲಿ ಕೂತು ನಾನೇ ಕೀಲಿ ತಿರುಗಿಸಿದೆ. ಸೆಲ್ಫ್ ತಿರುಗಿತು, ಎಂಜಿನ್ ತಿರುಗಿತು, ಹಿಡಿಯಲಿಲ್ಲ. ಮತ್ತೆ ತಿರುಗಿಸಿದೆ. ಇಲ್ಲ. ಹಿಡಿಯಬಾರದು ಕೂಡಾ. ನಾಲ್ಕನೇ ತರಗತಿ ಮಗುವಿಗೂ ಕಲಿಸಬಹುದಾದ ವಿದ್ಯೆ ಅದು.

ಆಂಟಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು. ಕೊನೆಗೆ ನಾನು, ದೇವರಾಣೆಗೂ ನಾನೇ, ಮೆಲ್ಲಗೆ ಒಂದು ಮಾತು ಬಿಟ್ಟೆ. "ನಿನ್ನೆ ನೀವು ಎಡೆ ಇಟ್ರಲ್ಲ ಆಂಟಿ... ಕರ್ನಲ್ ಸಾಹೇಬರೇನಾದ್ರೂ..."

ಅದುವರೆಗೂ ಶಾಂತವಾಗಿದ್ದ ಹೆಂಗಸು ಕೆರಳಿಬಿಟ್ಟರು. "ಯಾರು? ಅವರಾ? ಏ ಹುಡುಗಿ, ನನ್ನ ಗಂಡ ಬಹಳ ಒಳ್ಳೆಯವರು, ಯುದ್ಧದಲ್ಲಿ ಮೆಡಲ್ ತಗೊಂಡವರು. ಆದ್ರೆ ಈ ಗಾಡಿ ಅವರಿಗೆ ಒಂದು ದಿನಾನೂ ಸ್ಟಾರ್ಟ್ ಆಗ್ಲಿಲ್ಲ! ಚೋಕ್ ಎಳೆದು ಎಳೆದು ಎಂಜಿನ್ ತುಂಬ ಪೆಟ್ರೋಲ್ ಮಾಡೋರು. ಒಂದು ಸಲ ಇಡೀ ರೆಜಿಮೆಂಟಿನ ಮುಂದೆ ಕೂತು ತಿರುಗಿಸ್ತಾನೇ ಇದ್ರು. ಕಡೆಗೆ ಜವಾನರು ತಳ್ಳಿದ್ರು, ಜನರಲ್ ನಕ್ಕರು. ಆವತ್ತು ಇಳಿದು ಹೋದವರು, ಈ ಗಾಡಿ ಇನ್ನು ಓಡಬಾರದು ಅಂದ್ರು. ಮೂವತ್ತು ವರ್ಷ ನಿಂತದ್ದು ಅದಕ್ಕೇ. ಈಗ ಅವರು ಬಂದು ಓಡಿಸಿದ್ರು ಅಂತೀಯಾ? ಓಡಿಸಿದ್ದು ನಾನು!"

"ಆದ್ರೆ ಹೇಗೆ ಆಂಟಿ?" ಎಂದೆ.

"ಅದು ನಿನಗೆ ಗೊತ್ತಿರ್ಬೇಕು. ಎಂಜಿನಿಯರ್ ನೀನು," ಎಂದು ಹೇಳಿ, ಅಕ್ಕಿ ರೊಟ್ಟಿ ಆರಿ ಹೋಗ್ತದೆ ಬಾ ಎಂದು ಒಳಗೆ ನಡೆದರು.

ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ. ಯಾರಾದರೂ ಬೇರೆ ರೋಟರ್ ಹಾಕಿ ತೆಗೆದಿರಬಹುದು ಎಂದು ಕಾರ್ಖಾನೆಯ ಗೆಳೆಯರು ಹೇಳಿದರು. ಗೇಟಿನಿಂದ ಮುಚ್ಚಳ ತೆಗೆಯುವವರೆಗೂ ನಾನು ಆ ಗಾಡಿಯಿಂದ ಮಾರು ದೂರ ಹೋಗಿಲ್ಲ. ಕಿಡಿ ತಾನಾಗಿ ಹಾರಿರಬಹುದು ಎಂದರು. ಹಾರಲಿ, ಒಂದು ಸಲ ಹಾರಲಿ, ಎರಡು ಸಲ ಹಾರಲಿ. ಸರಿಯಾದ ಹೊತ್ತಿಗೆ ಸರಿಯಾದ ಸಿಲಿಂಡರಿಗೆ ಅಷ್ಟು ದೂರ, ಸಿಗ್ನಲ್ಲಿನಲ್ಲೂ ತಪ್ಪದಂತೆ? ನೀನೇ ಏನೋ ತಪ್ಪು ನೆನಪಿಟ್ಟುಕೊಂಡಿದ್ದೀಯ ಎಂದು ಯಜಮಾನರು ಈಗಲೂ ಹೇಳುತ್ತಾರೆ. ಡಬ್ಬಿ ತೆರೆದದ್ದು ಅವರೇ! ಮುಂದಿನ ವಾರ ರೋಟರ್ ಹಾಕಿದ ಮೇಲೆ ಗಾಡಿ ಎಲ್ಲ ಗಾಡಿಗಳಂತೆ ಓಡಿತು. ಒಂದೊಂದು ದಿನ ಹಟ ಮಾಡುತ್ತಿತ್ತು ಕೂಡಾ.

ನನಗೆ ಸಮಾಧಾನವಾಗಲಿಲ್ಲ. ಒಂದೇ ಒಂದು ಪರೀಕ್ಷೆ ಬಾಕಿಯಿತ್ತು. ರೋಟರ್ ತೆಗೆದು ನಾನು ತಿರುಗಿಸಿದರೆ ಹಿಡಿಯುವುದಿಲ್ಲ ಸರಿ, ಆಂಟಿ ತಿರುಗಿಸಿದರೆ? ಒಂದು ಶನಿವಾರ ಧೈರ್ಯ ಮಾಡಿ ಕೇಳಿದೆ. "ಆಂಟಿ, ರೋಟರ್ ತೆಗೀತೀನಿ. ನೀವು ಸುಮ್ನೆ ಕೂತು ಒಂದೇ ಒಂದು ಸಲ ಕೀ ತಿರುಗಿಸಿ. ಹಿಡಿಯುತ್ತೋ ಇಲ್ವೋ ನೋಡಿಬಿಡೋಣ."

ಅವರು ಗಾಜು ಒರೆಸುತ್ತಿದ್ದ ಬಟ್ಟೆ ಮಡಚಿ ಇಟ್ಟರು. ಕೋಪ ಬಂದಂತೆ ಕಾಣಲಿಲ್ಲ. "ಇಲ್ಲ ಕಣೇ. ಅಷ್ಟು ಜನರ ಎದುರಿಗೆ ಅದು ನನ್ನ ಮಾನ ಉಳಿಸಿದೆ. ಅದರ ಮಾನ ತೆಗೆಯೋಕೆ ನಾನು ಕೂತ್ಕೊಳ್ಳೋದಿಲ್ಲ," ಎಂದರು. ಎಷ್ಟು ಗೋಗರೆದರೂ ಕೂರಲಿಲ್ಲ. ಆಮೇಲೆ ನಾನು ಕೇಳುವುದನ್ನೂ ಬಿಟ್ಟೆ.

ತಮ್ಮ ಕೊನೆಯ ಚಳಿಗಾಲದವರೆಗೂ ಪ್ರತಿ ಭಾನುವಾರ ಅವರು ಆ ಗಾಡಿ ಓಡಿಸಿದರು. ಸೆಕ್ರೆಟರಿ ಸಾಹೇಬರೇ ನಿಂತು ಆ ಜಾಗಕ್ಕೆ ಬಿಳಿ ಗೆರೆ ಎಳೆಸಿದ್ದರು. ಆಂಟಿ ತೀರಿಹೋದ ಮೇಲೆ ಗಾಡಿಯನ್ನು ಅವರ ತಮ್ಮನ ಮಗಳಿಗೆ ಒಪ್ಪಿಸುವ ಹಿಂದಿನ ದಿನ ನಾನೊಬ್ಬಳೇ ಹೋಗಿ ಕೂತೆ. ರೋಟರ್ ತೆಗೆದು ಪಕ್ಕದ ಸೀಟಿನ ಮೇಲಿಟ್ಟು ಕೀಲಿ ತಿರುಗಿಸಿದೆ. ಬ್ಯಾಟರಿ ಸೋಲುವವರೆಗೂ ತಿರುಗಿಸಿದೆ, ಹಿಡಿಯಲಿಲ್ಲ. ಹೆದರಿಕೆಯೇನೂ ಆಗಲಿಲ್ಲ. ಇದ್ದದ್ದನ್ನು ಹೇಳಬೇಕೆಂದರೆ ಹೊಟ್ಟೆ ಉರಿಯಿತು. ಇಲಿ ಗೂಡಿನಿಂದ ಎತ್ತಿ, ಒಂದೊಂದು ಬೋಲ್ಟನ್ನೂ ಬಿಚ್ಚಿ ಕಟ್ಟಿ, ಅದಕ್ಕೆ ಜೀವ ಕೊಟ್ಟವಳು ನಾನು. ನನ್ನ ಕೈಗೆ ಅದು ಕೇವಲ ಕಾರಾಗಿತ್ತು.